ಮಾದಾಪುರದ ಹಳೇ ಮನೆ: ರೆಡ್ ಆಕ್ಸೈಡ್ ನೆಲದ ಮೇಲೆ ಟೈಲ್ಸ್ ಹಾಕಿಸೋದಾ, ಒಡೆಸೋದಾ, ಹಾಗೇ ಬಿಡೋದಾ?

ಮಾದಾಪುರ ಮನೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ನೆಲದ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬರಬೇಕಾಗಿದೆ. ಮನೆಗೆ ಬಂದವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊಡಗಿನ ಮಳೆ ಗೊತ್ತಿರುವವರು ಹೇಳಿದರೆ ಧೈರ್ಯ ಬರುತ್ತದೆ ಅಂತ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮನೆ ನಮ್ಮ ಮಾವನವರ ಅಪ್ಪ ಕಟ್ಟಿಸಿದ್ದು, 1950ರ ದಶಕದ್ದು. ಹಸಿ ಇಟ್ಟಿಗೆಯ ಗೋಡೆ, ಮಣ್ಣಿನ ಗಾರೆ, ಮೇಲೆ ಮಂಗಳೂರು ಹೆಂಚು. ಮುಂದೆ ಜಗಲಿ, ಆಮೇಲೆ ಹಾಲ್, ಎರಡು ರೂಮು, ಅಡುಗೆಮನೆ, ಕೊನೆಯಲ್ಲಿ ಒಂದು ಹಿಂದಿನ ಕೋಣೆ. ಎಲ್ಲ ಸೇರಿ ಸುಮಾರು 850 ಚದರಡಿ. ಎಲ್ಲ ಕಡೆ ರೆಡ್ ಆಕ್ಸೈಡ್ ನೆಲ. ಹಿಂದಿನ ಗೋಡೆಯಿಂದ ಆರೇಳು ಅಡಿಗೆ ಬರೆ ಇದೆ, ಅಂದರೆ ಗುಡ್ಡ ಕಡಿದ ಕಡೆಯ ಕಡಿದಾದ ಮಣ್ಣಿನ ದಿಬ್ಬ. ಬರೆಯ ಮೇಲೆ ಕಾಫಿ ಒಣಗಿಸುವ ಕಣ. ಅದಕ್ಕೆ ಕೆಲವು ವರ್ಷದ ಹಿಂದೆ ಸಿಮೆಂಟ್ ಹಾಕಿಸಿದ್ದೇವೆ.

ಈಗ ಇರುವ ತೊಂದರೆ ಹೇಳುತ್ತೇನೆ. ಹಾಲ್‌ನಲ್ಲಿ ಬಾಗಿಲಿನಿಂದ ಕಿಟಕಿ ಕಡೆಗೆ ಒಂದು ಬಿರುಕು ಬಂದಿದೆ. 2018ರ ಮಳೆಗಾಲದ ನಂತರ ಕಂಡದ್ದು. ಅಡುಗೆಮನೆಯಲ್ಲಿ ಹಳೇ ಒಲೆ ಇದ್ದ ಜಾಗದ ಸುತ್ತ ಬಣ್ಣ ಹೋಗಿ ಸಿಮೆಂಟ್ ಎದ್ದಿದೆ. ಹಿಂದಿನ ಕೋಣೆಯದ್ದೇ ದೊಡ್ಡ ತಲೆನೋವು. ನೆಲದ ಮೇಲೆ ಬಿಳಿ ಪುಡಿ ಏಳುತ್ತದೆ. ಗುಡಿಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಗೋಡೆಯ ಬುಡದಲ್ಲಿ ಪ್ಲಾಸ್ಟರ್ ಉದುರುತ್ತಿದೆ. ಅಲ್ಲಿರುವ ಪತ್ತಾಯದ (ಭತ್ತ ತುಂಬಿಡುವ ಮರದ ಪೆಟ್ಟಿಗೆ) ಕಾಲಿಗೆ ಗೆದ್ದಲು ಹಿಡಿಯಿತು ಅಂತ ಕಲ್ಲಿನ ಮೇಲೆ ಎತ್ತಿ ಇಟ್ಟಿದ್ದೇವೆ. ಇನ್ನು ಈಗ ಕಕ್ಕಡದಲ್ಲಂತೂ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ಇಡೀ ಮನೆಯ ನೆಲ ಬೆವರುತ್ತದೆ. ಬೆಳಿಗ್ಗೆ ಎದ್ದು ಕಾಲಿಟ್ಟರೆ ಪಾದ ಒದ್ದೆ. ಚಾಪೆಯ ಅಡಿಯಲ್ಲಿ ಕಪ್ಪು ಬೂಷ್ಟು.

ನಮ್ಮ ಅತ್ತೆಗೆ 76 ವರ್ಷ. ಮಂಡಿ ಆಪರೇಷನ್ ಆಗಿದೆ, ವಾಕರ್ ಹಿಡಿದು ನಡೆಯುತ್ತಾರೆ. ಅವರು ಜಾರಿ ಬಿದ್ದರೆ ಅನ್ನುವ ಹೆದರಿಕೆ ನನಗೆ ಹಗಲೂ ರಾತ್ರಿ ಇದೆ. ಜೊತೆಗೆ ಬರುವ ಮೇ ತಿಂಗಳಲ್ಲಿ ಮೈದುನನ ಮದುವೆ. ಮದುವೆ ಮಂಟಪದಲ್ಲೇ ಆದರೂ ಮನೆಗೆ ನೆಂಟರು ಬರುತ್ತಾರಲ್ವಾ. ಅಷ್ಟರಲ್ಲಿ ಮುಗಿಯಬೇಕು.

ಇಬ್ಬರನ್ನು ಕರೆಸಿ ಕೇಳಿದೆವು. ಒಬ್ಬರು, ಇರುವ ನೆಲದ ಮೇಲೇ ಗಮ್ ಹಾಕಿ ಎರಡಡಿ ಎರಡಡಿಯ ವಿಟ್ರಿಫೈಡ್ ಟೈಲ್ಸ್ ಅಂಟಿಸುತ್ತೇವೆ, ಒಂದು ವಾರದ ಕೆಲಸ ಅಂದರು. ಇನ್ನೊಬ್ಬರು ಎಲ್ಲ ಒಡೆದು ಹೊಸದಾಗಿ ಬೆಡ್ ಹಾಕಬೇಕು ಅಂದರು. ಖರ್ಚು ಹೆಚ್ಚುಕಮ್ಮಿ ಎರಡರಷ್ಟು. ನಮ್ಮ ಯಜಮಾನರಿಗೆ ಹಾಲ್‌ನ ನೆಲ ಒಡೆಯುವುದು ಸುತರಾಂ ಇಷ್ಟವಿಲ್ಲ. ನನಗೆ ಮನೆ ಒಣಗಿದ್ದರೆ ಸಾಕು. ಟೈಲ್ಸ್ ಹಾಕಿದರೆ ಈ ಒದ್ದೆ ನಿಲ್ಲುತ್ತದಾ? ಇದೊಂದೇ ನನ್ನ ಮುಖ್ಯ ಪ್ರಶ್ನೆ.

---

ಕಾವೇರಿ ದಡ, ಕುಶಾಲನಗರ:

ಮೇಡಂ, ನಾವು ಮೂರು ವರ್ಷದ ಹಿಂದೆ ಹಳೇ ನೆಲದ ಮೇಲೇ ಟೈಲ್ಸ್ ಹಾಕಿಸಿದೆವು. ಇವತ್ತಿಗೂ ಒಂದು ಪೀಸ್ ಎದ್ದಿಲ್ಲ. ಒಡೆಯುವ ಧೂಳು ಇಲ್ಲ, ಮಣ್ಣು ಸಾಗಿಸುವ ತಾಪತ್ರಯ ಇಲ್ಲ. ಗಮ್ ಒಳ್ಳೆಯದು ಹಾಕಿಸಿ, ಸಿಮೆಂಟ್ ಹಾಲು ಸುರಿದು ಕೂರಿಸಲು ಬಿಡಬೇಡಿ. ಬಾಗಿಲುಗಳ ಅಡಿ ಸ್ವಲ್ಪ ಕೊಯ್ಯಬೇಕಾಗುತ್ತದೆ, ಅಷ್ಟೇ. ಮದುವೆ ಮನೆ ಅಂದಿರಿ. ಬಿಳಿ ಟೈಲ್ಸ್ ಹಾಕಿದರೆ ಬೆಳಕು ಜಾಸ್ತಿ, ಮನೆ ದೊಡ್ಡದಾಗಿ ಕಾಣುತ್ತದೆ.

---

ಗಾರೆ ಮೇಸ್ತ್ರಿ ಮಗ, ವಿರಾಜಪೇಟೆ:

ಅಕ್ಕ, ಈಗ ಯಾರಿಗೂ ಅಡ್ವಾನ್ಸ್ ಕೊಡಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಮೇಲಿನ ಅಣ್ಣ ಹೇಳಿದ್ದು ಅವರ ಮನೆಗೆ ಸರಿಯೇ ಇರಬಹುದು. ಆದರೆ ಕುಶಾಲನಗರದ ಮಳೆ ಬೇರೆ, ಮಾದಾಪುರದ ಮಳೆ ಬೇರೆ. ಅಲ್ಲಿ ನೆಲ ಸಮ, ಮಳೆ ಕಡಿಮೆ. ನಿಮ್ಮ ಮನೆ ಬರೆಯ ಕೆಳಗಿದೆ. ಒಂದೇ ಜಿಲ್ಲೆ ಅಂತ ಒಂದೇ ಥರ ಕೆಲಸ ಮಾಡಲು ಬರುವುದಿಲ್ಲ.

ನಮ್ಮಪ್ಪ ಜೀವನ ಪೂರ್ತಿ ಗಾರೆ ಕೆಲಸ ಮಾಡಿದವರು. ನಾನೂ ಅದೇ ಕೆಲಸದಲ್ಲಿದ್ದೇನೆ. ಹಳೇ ಮನೆಗೆ ಕರೆದರೆ ನಾವು ಮೊದಲು ನೋಡುವುದು ನೀರು ಎಲ್ಲಿಂದ ಬರುತ್ತಿದೆ ಅಂತ. ಟೈಲ್ಸ್ ಯಾವುದು ಅನ್ನುವುದು ಕೊನೆಯ ಮಾತು. ಮಾರ್ಚ್ ತಿಂಗಳಲ್ಲಿ ಬಂದು ನೆಲ ನೋಡಿ ಕೊಟೇಶನ್ ಕೊಡುವವರಿಗೆ ಏನೂ ಕಾಣುವುದಿಲ್ಲ. ಆಗ ಎಲ್ಲ ಮನೆಯೂ ಒಣಗಿರುತ್ತದೆ. ನೀವು ಕಕ್ಕಡದಲ್ಲಿ ಕೇಳಿದ್ದು ತುಂಬ ಒಳ್ಳೆಯದಾಯಿತು. ಈಗ ನೆಲವೇ ಹೇಳುತ್ತದೆ.

ನೆಲ ಒದ್ದೆಯಾಗಲು ಎರಡು ದಾರಿ. ಒಂದು, ಕೆಳಗಿನ ಮಣ್ಣಿನ ನೀರು ಮೇಲೆ ಬರುವುದು. ಇನ್ನೊಂದು, ಮನೆಯೊಳಗಿನ ತೇವದ ಗಾಳಿ ತಣ್ಣಗಿನ ನೆಲಕ್ಕೆ ತಾಗಿ ಹನಿಯಾಗುವುದು. ನೋಡಲು ಎರಡೂ ಒಂದೇ ಥರ. ಮದ್ದು ಪೂರ್ತಿ ಬೇರೆ. ಯಾವುದು ಅಂತ ಗೊತ್ತಾಗಲು ಹೀಗೆ ಮಾಡಿ. ದಪ್ಪದ, ಆಚೆ ಕಾಣುವ ಪ್ಲಾಸ್ಟಿಕ್ ಹಾಳೆ ತನ್ನಿ. ಒಂದೂವರೆ ಅಡಿ ಚೌಕಕ್ಕೆ ಕತ್ತರಿಸಿ. ನೆಲ ಚೆನ್ನಾಗಿ ಒರೆಸಿ ಒಣಗಿಸಿ, ಹಾಳೆ ಹಾಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಅಗಲದ ಟೇಪ್ ಹಚ್ಚಿ. ಒಂದು ಹಗಲು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎದ್ದ ಕೂಡಲೇ ನೋಡಿ. ಹಾಳೆಯ ಮೇಲೆ ನೀರಿದ್ದು ಅಡಿ ಒಣಗಿದ್ದರೆ ಅದು ಗಾಳಿಯ ನೀರು. ಹಾಳೆಯ ಅಡಿಯಲ್ಲಿ ಹನಿ ಇದ್ದರೆ, ಅಥವಾ ನೆಲದ ಬಣ್ಣ ಕಡುವಾಗಿದ್ದರೆ ಅದು ಮಣ್ಣಿನ ನೀರು. ಎಲ್ಲ ಕೋಣೆಯಲ್ಲೂ ಮಾಡಿ. ಒಂದೇ ಮನೆಯಲ್ಲಿ ಎರಡೂ ಇರಬಹುದು. ಹಿಂದಿನ ಕೋಣೆಯ ಬಿಳಿ ಪುಡಿ ನೋಡಿದರೆ ಅಲ್ಲಿ ಮಣ್ಣಿನ ನೀರೇ ಅಂತ ನನಗೆ ಅನ್ನಿಸುತ್ತದೆ. ಮಣ್ಣಿನಲ್ಲಿ, ಗಾರೆಯಲ್ಲಿ ಇರುವ ಉಪ್ಪು ನೀರಿನ ಜೊತೆ ಮೇಲೆ ಬಂದು, ನೀರು ಆರಿದ ಮೇಲೆ ಉಳಿಯುತ್ತದೆ. ಅದೇ ಆ ಪುಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಟೈಲ್ಸ್ ಹಾಕಿದರೆ ಒದ್ದೆ ನಿಲ್ಲುತ್ತದಾ? ಗಾಳಿಯ ನೀರಾದರೆ ನಿಲ್ಲುವುದಿಲ್ಲ. ವಿಟ್ರಿಫೈಡ್ ಟೈಲ್ಸ್ ನೀರು ಕುಡಿಯುವುದೇ ಇಲ್ಲ ಅನ್ನಬಹುದು, ತನ್ನ ತೂಕದ ನೂರಕ್ಕೆ ಅರ್ಧ ಭಾಗವೂ ಇಲ್ಲ. ಹಾಗಾಗಿ ಬಿದ್ದ ಹನಿ ಎಲ್ಲ ಮೇಲೇ ನಿಲ್ಲುತ್ತದೆ. ಈಗಿನದ್ದಕ್ಕಿಂತ ಜಾಸ್ತಿ ಜಾರುತ್ತದೆ. ಅತ್ತೆಯವರ ವಿಷಯ ಹೇಳಿದ್ದೀರಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಮಣ್ಣಿನ ನೀರಾದರೆ ಇನ್ನೂ ಕಷ್ಟ. ನಿಮ್ಮ ಕಾಲದ ಮನೆಗಳಲ್ಲಿ ತಳಪಾಯದ ಮೇಲೆ ನೀರು ತಡೆಯುವ ಪಟ್ಟಿ ಹಾಕಿರುವುದಿಲ್ಲ. ಇಷ್ಟು ವರ್ಷ ಆ ನೀರು ನೆಲದಿಂದ ನಿಧಾನವಾಗಿ ಆರಿ ಹೋಗುತ್ತಿತ್ತು. ಮೇಲೆ ಟೈಲ್ಸ್ ಮುಚ್ಚಿದರೆ ಅದಕ್ಕೆ ಹೊರಗೆ ಹೋಗಲು ಜಾಗ ಇಲ್ಲ. ಆಗ ಅದು ಗೋಡೆಗೆ ಹತ್ತುತ್ತದೆ. ನಿಮ್ಮದು ಹಸಿ ಇಟ್ಟಿಗೆ, ಮಣ್ಣಿನ ಗಾರೆ. ನೀರು ಕುಡಿದ ಹಸಿ ಇಟ್ಟಿಗೆಗೆ ಭಾರ ಹೊರುವ ಶಕ್ತಿ ಇರುವುದಿಲ್ಲ. ನೆಲ ಚೆನ್ನಾಗಿ ಮಾಡಲು ಹೋಗಿ ಗೋಡೆ ಕೆಡಿಸಿಕೊಂಡ ಮನೆ ನಾನು ಕಣ್ಣಾರೆ ನೋಡಿದ್ದೇನೆ. ಎರಡು ಮಳೆಗಾಲ ಕಳೆಯುವುದರೊಳಗೆ ಗೋಡೆಯಲ್ಲಿ ಮೂರಡಿ ಎತ್ತರಕ್ಕೆ ತೇವ ಏರಿತ್ತು. ಟೈಲ್ಸ್ ಮಾತ್ರ ಹೊಳೆಯುತ್ತಿತ್ತು.

ಇನ್ನೊಂದು ಮುಖ್ಯ ಸಂಗತಿ. ಹಾಲ್‌ನ ಬಿರುಕು 2018ರ ನಂತರ ಬಂದದ್ದು ಅಂದಿರಿ. ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡ ಜಾರಿದ್ದು ಎಲ್ಲರಿಗೂ ನೆನಪಿದೆ. ಆ ಭಾಗದ ಮನೆಯಲ್ಲಿ ನೆಲ ಬಿರುಕು ಬಿಟ್ಟಿದೆ ಅಂದರೆ ಅದನ್ನು ಸುಮ್ನೆ ಮುಚ್ಚಬಾರದು. ಬಿರುಕು ಈಗಲೂ ಬೆಳೆಯುತ್ತಿದೆಯಾ ನೋಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ತಾರೀಕು ಬರೆಯಿರಿ. ಮಧ್ಯದಲ್ಲಿ ಒಂದು ತೆಳು ಗಾಜಿನ ಚೂರನ್ನು ಬಿರುಕಿಗೆ ಅಡ್ಡವಾಗಿ ಎರಡೂ ಬದಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಕೂರಿಸಿ, ಅತ್ತೆಯವರ ಕಾಲಿಗೆ ಸಿಗದ ಜಾಗದಲ್ಲಿ. ಗಾಜು ಒಡೆದರೆ ನೆಲ ಇನ್ನೂ ಸರಿಯುತ್ತಿದೆ ಅಂತ ಅರ್ಥ. ಬಿರುಕು ಗೋಡೆಗೂ ಹತ್ತಿದೆಯಾ, ಹೊರಗೆ ಬರೆಯ ಮೇಲೆ ಅಥವಾ ಕಣದಲ್ಲಿ ಅದೇ ಸಾಲಿನಲ್ಲಿ ಬಿರುಕು ಇದೆಯಾ, ಅದನ್ನೂ ನೋಡಿ. ಇದ್ದರೆ ನನ್ನಂಥ ಗಾರೆಯವರ ಮಾತು ಸಾಲದು, ಸಿವಿಲ್ ಇಂಜಿನಿಯರ್ ಬಂದು ನೋಡಲೇಬೇಕು.

ಮಳೆ ಜೋರಾಗಿ ಬರುವಾಗ ಕೊಡೆ ಹಿಡಿದು ಮನೆಯ ಹಿಂದೆ ಒಮ್ಮೆ ನಿಂತುಕೊಳ್ಳಿ. ಕಣದ ನೀರು ಯಾವ ಕಡೆ ಇಳಿಯುತ್ತದೆ, ಸೂರಿನ ನೀರು ಎಲ್ಲಿ ಬೀಳುತ್ತದೆ, ಹಿಂದಿನ ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಎಷ್ಟು ಕೆಳಗಿದೆ, ಇಷ್ಟು ನೋಡಿ ಬಂದು ಬರೆಯಿರಿ. ಆಮೇಲೆ ಟೈಲ್ಸ್ ಮಾತಾಡೋಣ.

---

ನಾಪೋಕ್ಲು ತೋಟ:

ಮೇಸ್ತ್ರಿ ಹೇಳಿದ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಮೊದಲು ನಮ್ಮ ಮನೆಗಳಲ್ಲಿ ಕಟ್ಟಿಗೆ ಒಲೆ ಮಳೆಗಾಲ ಪೂರ್ತಿ ಉರಿಯುತ್ತಿತ್ತು. ಬಿಸಿ ಗಾಳಿ ಹೆಂಚಿನ ಸಂದಿನಿಂದ ಹೊರಗೆ ಹೋಗುತ್ತಿತ್ತು, ತೇವವೂ ಅದರ ಜೊತೆ ಹೋಗುತ್ತಿತ್ತು. ಈಗ ಗ್ಯಾಸ್ ಬಂತು, ಒಲೆ ತೆಗೆದೆವು, ಹೆಂಚಿನ ಅಡಿಗೆ ಸೀಲಿಂಗ್ ಹೊಡೆಸಿದೆವು. ಮನೆಯೊಳಗಿನ ತೇವ ಮನೆಯೊಳಗೇ ಉಳಿಯಿತು. ಹಳೇ ಒಲೆ ಇದ್ದ ಜಾಗ ಅಂತ ನೀವು ಬರೆದದ್ದು ಓದಿ ಇದು ಹೊಳೆಯಿತು. ನಿಮ್ಮಲ್ಲೂ ಸೀಲಿಂಗ್ ಇದೆಯಾ?

ರೆಡ್ ಆಕ್ಸೈಡ್ ಗಟ್ಟಿ ಇದ್ದರೆ ಒಡೆಯಬೇಡಿ ಅಂತ ನನ್ನ ಬಲವಾದ ಅಭಿಪ್ರಾಯ. ಅಂಥ ನೆಲ ತಿಕ್ಕಿ ಹೊಳಪು ತರುವ ಕೈಗಳು ಈಗ ಕಡಿಮೆ. ಹೊಸದಾಗಿ ಹಾಕಿಸಿದ ಎಷ್ಟೋ ಕಡೆ ಮೊದಲ ವರ್ಷವೇ ಬಲೆಯಂಥ ಸಣ್ಣ ಬಿರುಕು ಬಂದಿದೆ. ನಾಣ್ಯದಿಂದ ನೆಲ ಪೂರ್ತಿ ತಟ್ಟುತ್ತ ಹೋಗಿ. ಡಬ್ ಡಬ್ ಅಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಅಷ್ಟು ಜಾಗ ಮಾತ್ರ ಸಡಿಲ ಆಗಿರುತ್ತದೆ.

---

ಮಾದಾಪುರ ಮನೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಹೇಳಿದ್ದೆಲ್ಲ ಮಾಡಿ ನೋಡಿ ಬರೆಯುತ್ತಿದ್ದೇನೆ.

ಹಾಲ್ ಮತ್ತು ಎರಡು ರೂಮಿನಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ನೀರು, ಅಡಿ ಪೂರ್ತಿ ಒಣ. ಅಡುಗೆಮನೆಯಲ್ಲೂ ಹಾಗೇ. ಹಿಂದಿನ ಕೋಣೆಯಲ್ಲಿ ಮಾತ್ರ ಹಾಳೆಯ ಅಡಿಯಲ್ಲಿ ದಪ್ಪ ದಪ್ಪ ಹನಿ. ಅಲ್ಲಿ ಎರಡು ಕಡೆ ಹಾಕಿದ್ದೆ. ಬರೆ ಕಡೆಯ ಗೋಡೆಯ ಹತ್ತಿರದ್ದು ಜಾಸ್ತಿ ಒದ್ದೆ.

ಮಳೆಯಲ್ಲಿ ಹಿಂದೆ ಹೋಗಿ ನಿಂತಾಗ ಎಲ್ಲ ಅರ್ಥವಾಯಿತು. ಕಣಕ್ಕೆ ಸಿಮೆಂಟ್ ಹಾಕಿದಾಗ ಇಳಿಜಾರು ಮನೆ ಕಡೆಗೇ ಬಂದಿದೆ. ಅಷ್ಟೂ ನೀರು ಬರೆಯ ಮೇಲಿಂದ ಇಳಿದು ನಮ್ಮ ಹಿಂದಿನ ಗೋಡೆಯ ಬುಡಕ್ಕೆ ಬರುತ್ತದೆ. ಸೂರಿನ ನೀರೂ ಅಲ್ಲೇ ಬೀಳುತ್ತದೆ. ಬರೆಯಿಂದ ವರ್ಷ ವರ್ಷ ಇಳಿದ ಮಣ್ಣು ಸೇರಿ ಸೇರಿ ಹೊರಗಿನ ಅಂಗಳ ಒಳಗಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರವಾಗಿದೆ. ಮೊದಲು ಅಲ್ಲಿ ಚರಂಡಿ ಇತ್ತಂತೆ, ಅತ್ತೆ ಹೇಳಿದರು. ಈಗ ಅದರ ಗುರುತೂ ಇಲ್ಲ.

ಬಿರುಕು ಗೋಡೆಗೆ ಹತ್ತಿಲ್ಲ. ಕಣದಲ್ಲಿ, ಬರೆಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಗಾಜು ಕೂರಿಸಿದ್ದೇವೆ, ಮಳೆಗಾಲ ಮುಗಿಯುವವರೆಗೆ ನೋಡುತ್ತೇವೆ. ನಾಣ್ಯ ತಟ್ಟಿದಾಗ ಹಾಲ್ ನೆಲ ಬಹುತೇಕ ಗಟ್ಟಿ. ಬಿರುಕಿನ ಆಚೀಚೆ ಒಂದು ಗೇಣು ಅಗಲ ಮಾತ್ರ ಟೊಳ್ಳು ಸದ್ದು.

ನಾಪೋಕ್ಲುನವರೇ, ನೀವು ಊಹಿಸಿದ ಹಾಗೆ ಸೀಲಿಂಗ್ ಇದೆ. ಒಲೆ ತೆಗೆದ ಸಮಯದಲ್ಲೇ ಪಿವಿಸಿ ಸೀಲಿಂಗ್ ಹಾಕಿಸಿದ್ದು.

ಹಾಗಾದರೆ ಇಡೀ ಮನೆಗೆ ಟೈಲ್ಸ್ ಬೇಕಿಲ್ಲ ಅಂತ ಆಯಿತಲ್ವಾ? ಹಿಂದಿನ ಕೋಣೆಗೆ ಏನು ಮಾಡಲಿ? ಅಡುಗೆಮನೆಗೆ ಮಾತ್ರ ಟೈಲ್ಸ್ ಹಾಕಿಸುವ ಆಸೆ ಇದೆ. ಕಾಚಂಪುಳಿ (ನಮ್ಮ ಕಡೆಯ ಅಡುಗೆಯ ಕಪ್ಪು ಹುಳಿ), ಹುಣಸೆಹುಳಿ ಬಿದ್ದ ಕಡೆಯೆಲ್ಲ ನೆಲ ಕಲೆಯಾಗಿದೆ. ನನ್ನ ನಾದಿನಿ ಮರದ ಥರ ಕಾಣುವ ಲ್ಯಾಮಿನೇಟ್ ಹಾಕಿಸಿ, ಕಾಲಿಗೆ ಬೆಚ್ಚಗೆ ಇರುತ್ತದೆ ಅನ್ನುತ್ತಾಳೆ. ಅದು ಹೇಗೆ?

---

ಗಾರೆ ಮೇಸ್ತ್ರಿ ಮಗ, ವಿರಾಜಪೇಟೆ:

ಅಕ್ಕ, ಇಷ್ಟು ಚೆನ್ನಾಗಿ ನೋಡಿ ಬರೆದಿದ್ದೀರಿ, ಅರ್ಧ ಕೆಲಸ ಆದ ಹಾಗೆಯೇ. ಈಗ ಹಣ ಎಲ್ಲಿ ಹಾಕಬೇಕು ಅಂತ ಸ್ಪಷ್ಟವಾಯಿತು. ಮೊದಲ ಹಣ ಮನೆಯ ಹೊರಗೆ ಹೋಗಬೇಕು.

ಕಣದ ಅಂಚಿಗೆ, ಮನೆ ಕಡೆ, ಒಂದು ಗೇಣು ಎತ್ತರದ ಕಟ್ಟೆ ಕಟ್ಟಿಸಿ. ನೀರು ಪಕ್ಕಕ್ಕೆ ತಿರುಗಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಹೋಗಲಿ. ಬರೆಗೆ ಬಿಡಬೇಡಿ, ಬರೆ ನೀರು ಕುಡಿದರೆ ಅದೇ ಇನ್ನೊಂದು ಅಪಾಯ. ಹಿಂದಿನ ಅಂಗಳದಲ್ಲಿ ಸೇರಿದ ಮಣ್ಣು ತೆಗೆಸಿ. ಕಡಿಮೆ ಅಂದರೂ ಒಳಗಿನ ನೆಲಕ್ಕಿಂತ ಅರ್ಧ ಅಡಿ ಕೆಳಗೆ ಇರಬೇಕು, ಒಂದು ಅಡಿ ಆದರೆ ಇನ್ನೂ ಒಳ್ಳೆಯದು. ಆದರೆ ಗೋಡೆಯ ಬುಡದಲ್ಲಿ ಆಳ ಅಗೆಯಲು ಬಿಡಬೇಡಿ. ಹಳೇ ಮನೆಯ ತಳಪಾಯ ಜಾಸ್ತಿ ಆಳ ಇರುವುದಿಲ್ಲ. ಬರೆಯ ಬುಡವನ್ನೂ ಕಡಿಯಬಾರದು. ಗೋಡೆಯಿಂದ ಮೂರಡಿ ದೂರದಲ್ಲಿ ಚರಂಡಿ ತೆಗೆಸಿ, ನೂರಡಿಗೆ ಒಂದಡಿಯಾದರೂ ಇಳಿಜಾರು ಇರಲಿ. ಸೂರಿಗೆ ಗಟರ್ ಹಾಕಿಸಿ ಪೈಪಿನಲ್ಲಿ ಆ ಚರಂಡಿಗೆ ಬಿಡಿ. ತೆಗೆದ ಮಣ್ಣು, ಒಡೆದ ಸಿಮೆಂಟ್ ಎಲ್ಲ ಬರೆಯ ಮೇಲೆ ಅಥವಾ ತೋಡಿನ ಬದಿಗೆ ಸುರಿಯಲು ಬಿಡಬೇಡಿ. ತೋಟದ ದಾರಿಯ ಗುಂಡಿಗೆ ಹಾಕಿಸಿ.

ಈಗ ಹಿಂದಿನ ಕೋಣೆ. ಈ ಒಂದು ಕೋಣೆ ಒಡೆಯಲೇಬೇಕು. ನೆಲ ತೆಗೆದು ಮುಕ್ಕಾಲು ಅಡಿಯಷ್ಟು ಅಗೆಯಿರಿ, ಇಲ್ಲೂ ಗೋಡೆಯ ಬುಡಕ್ಕೆ ಹೋಗದ ಹಾಗೆ. ಅಗೆದಾಗ ಗೆದ್ದಲಿನ ದಾರಿ ಕಾಣುತ್ತದೆ, ಔಷಧಿ ಹೊಡೆಸಲು ಅದೇ ಸಮಯ. ಬಾವಿ ಮನೆಗೆ ಹತ್ತಿರ ಇದ್ದರೆ ಔಷಧಿಯವರಿಗೆ ಮೊದಲೇ ಹೇಳಿ, ನೆಲಕ್ಕೆ ಸುರಿಯುವ ಔಷಧಿ ಬಾವಿಗೆ ಇಳಿಯಬಾರದು. ಆಮೇಲೆ ಪುಡಿ ಇಲ್ಲದ 40 ಎಂಎಂ ಜಲ್ಲಿ ಐದು ಇಂಚು. ಇದು ಬಹಳ ಮುಖ್ಯ. ದಪ್ಪ ಜಲ್ಲಿಯ ಸಂದಿನಲ್ಲಿ ನೀರು ಮೇಲೆ ಹತ್ತಲಾರದು. ಎಂ ಸ್ಯಾಂಡ್ ಅಥವಾ ಮಣ್ಣು ಬೆರೆತರೆ ಹತ್ತುತ್ತದೆ. ಅದರ ಮೇಲೆ ಒಂದು ತೆಳು ಪದರ ಸಿಮೆಂಟ್ ಗಾರೆ, ಹಾಳೆ ಹರಿಯದಿರಲು. ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ. ಅಂಗಡಿಯಲ್ಲಿ 1000 ಗೇಜ್ ಅಂತ ಕೇಳಿದರೆ ಅದೇ ಕೊಡುತ್ತಾರೆ. ಜೋಡಿಸುವ ಕಡೆ ಅರ್ಧ ಅಡಿ ಒಂದರ ಮೇಲೊಂದು ಬರಲಿ, ಗೋಡೆಯ ಹತ್ತಿರ ಮೇಲಕ್ಕೆ ಮಡಚಲಿ. ಆಮೇಲೆ ಮೂರು ಇಂಚು ಕಾಂಕ್ರೀಟ್. ಅದಕ್ಕೆ 28 ದಿನ ಬಿಟ್ಟು ಟೈಲ್ಸ್.

ಗೋಡೆಯ ಬುಡದಲ್ಲಿ ಉದುರುವ ಪ್ಲಾಸ್ಟರ್ ತೆಗೆದು ಸುಣ್ಣದ ಗಾರೆಯಲ್ಲೇ ಮಾಡಿಸಿ. ಹೊರಗೆ ಚರಂಡಿ ಆದ ಮೇಲೂ ಗೋಡೆಯೊಳಗೆ ಇರುವ ನೀರು ಆರಲು ಒಂದೆರಡು ಬೇಸಿಗೆ ಬೇಕು. ಸುಣ್ಣ ಆದರೆ ಆರಲು ಬಿಡುತ್ತದೆ. ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪುಟ್ಟಿ, ಅದರ ಮೇಲೆ ಎಮಲ್ಷನ್ ಹಾಕಿದರೆ ಎಲ್ಲ ಒಟ್ಟಿಗೆ ಎದ್ದು ಬರುತ್ತದೆ.

ಅಡುಗೆಮನೆಗೆ ಟೈಲ್ಸ್ ಖಂಡಿತ ಹಾಕಿಸಿ. ಹುಳಿ ಯಾವುದೇ ಆಗಲಿ ಸಿಮೆಂಟನ್ನು ತಿನ್ನುತ್ತದೆ, ಆಕ್ಸೈಡ್ ನೆಲವೂ ಸಿಮೆಂಟೇ. ಕಡಪ ಕಲ್ಲೂ ಬೇಡ, ಅದು ಸುಣ್ಣದ ಕಲ್ಲು, ಅದಕ್ಕೂ ಹುಳಿ ಆಗುವುದಿಲ್ಲ. ಮ್ಯಾಟ್ ಫಿನಿಷ್ ವಿಟ್ರಿಫೈಡ್ ತೆಗೆದುಕೊಳ್ಳಿ. ಜಾರದ ಲೆಕ್ಕಕ್ಕೆ ಆರ್9, ಆರ್10, ಆರ್11 ಅಂತ ನಂಬರ್ ಇರುತ್ತದೆ, ಹೆಚ್ಚಿದಷ್ಟೂ ಜಾರುವುದು ಕಡಿಮೆ. ಅಡುಗೆಮನೆಗೆ ಆರ್10, ಜಗಲಿಗೆ ಯಾವಾಗಲಾದರೂ ಹಾಕಿಸಿದರೆ ಆರ್11 ಕೇಳಿ. ಅಂಗಡಿಯಲ್ಲಿ ಟೈಲ್ಸ್ ಮೇಲೆ ನೀರು ಸುರಿದು ಬರಿಗಾಲಲ್ಲಿ ಉಜ್ಜಿ ನೋಡಿ, ನಾಚಿಕೆ ಪಡಬೇಡಿ. ಸಂದಿಗೆ ಎಪಾಕ್ಸಿ ಗ್ರೌಟ್ ಹಾಕಿಸಿ, ದುಬಾರಿ ಆದರೂ ಹುಳಿಗೆ, ಎಣ್ಣೆಗೆ ಅದೇ ತಡೆಯುತ್ತದೆ.

ಅಡುಗೆಮನೆಯಲ್ಲಿ ಹಳೇ ನೆಲದ ಮೇಲೇ ಅಂಟಿಸಬೇಡಿ. ಟೈಲ್ಸ್, ಗಮ್ ಸೇರಿ ಅರ್ಧ ಇಂಚಿಗಿಂತ ಜಾಸ್ತಿ ಎತ್ತರ ಆಗುತ್ತದೆ. ಹಾಲ್ ಹಾಗೇ ಇದ್ದರೆ ಬಾಗಿಲಲ್ಲಿ ಒಂದು ಮೆಟ್ಟಿಲಿನ ಥರ ಉಳಿಯುತ್ತದೆ. ವಾಕರ್‌ನ ಕಾಲು ತಡೆಯುವುದು ಅಂಥ ಜಾಗದಲ್ಲೇ. ಅಷ್ಟು ದಪ್ಪ ಕೆತ್ತಿ ತೆಗೆದು ಎರಡೂ ನೆಲ ಸಮ ಬರುವ ಹಾಗೆ ಮಾಡಿಸಿ. ಹಾಕುವವರಿಗೆ ಇದನ್ನು ಮೊದಲ ದಿನವೇ ಹೇಳಿ.

ಲ್ಯಾಮಿನೇಟ್ ಬೇಡವೇ ಬೇಡ. ಅದರ ಒಳಗೆ ಇರುವುದು ಒತ್ತಿದ ಮರದ ಪುಡಿ. ನಮ್ಮ ಜುಲೈ ತಿಂಗಳ ತೇವಕ್ಕೆ ಅಂಚುಗಳು ಉಬ್ಬುತ್ತವೆ. ಎಸ್‌ಪಿಸಿ ಅಂತ ಪ್ಲಾಸ್ಟಿಕ್ ಹಲಗೆ ಬರುತ್ತದೆ, ಅದು ಉಬ್ಬುವುದಿಲ್ಲ. ಆದರೆ ನೆಲ ಬೆವರುವ ಮನೆಯಲ್ಲಿ ಅದರ ಅಡಿಯಲ್ಲಿ ಬೂಷ್ಟು ಕೂತರೆ ನಿಮಗೆ ಕಾಣುವುದೂ ಇಲ್ಲ. ಅತ್ತೆಯವರ ಕಾಲಿಗೆ ಬೆಚ್ಚಗೆ ಬೇಕಾದರೆ ಅಡಿಗೆ ರಬ್ಬರ್ ಇರುವ ಚಪ್ಪಲಿ ಮನೆಯೊಳಗೆ ಹಾಕಿಕೊಳ್ಳಲಿ. ಸರಿಯುವ ಕಾರ್ಪೆಟ್ ಮಾತ್ರ ಬೇಡ.

---

ನಾಪೋಕ್ಲು ತೋಟ:

ಹಾಲ್ ಬಗ್ಗೆ ನಾನು ಹೇಳುತ್ತೇನೆ, ನಮ್ಮಲ್ಲಿ ಮಾಡಿಸಿದ್ದು. ಗಾಜು ಒಡೆಯದಿದ್ದರೆ ಮಾತ್ರ ಇದು. ಟೊಳ್ಳು ಇರುವ ಆ ಪಟ್ಟಿಯನ್ನು ಕಟರ್ ಹಿಡಿದು ನೇರ ಗೆರೆಯಲ್ಲಿ ಕೊಯ್ದು ತೆಗೆಸಿ. ವಕ್ರವಾಗಿ ಒಡೆದು ತೇಪೆ ಹಾಕಿದರೆ ಗಾಯದ ಗುರುತಿನ ಥರ ಎದ್ದು ಕಾಣುತ್ತದೆ. ಹಳೇ ಕೆಂಪಿಗೆ ಹೊಸ ಕೆಂಪು ಸೇರುವುದೇ ಇಲ್ಲ, ಎಷ್ಟು ಪ್ರಯತ್ನಿಸಿದರೂ. ನಾವು ಅದಕ್ಕೇ ಸೇರಿಸಲು ಹೋಗಲಿಲ್ಲ. ಬಾಗಿಲಿನಿಂದ ಆಚೆ ಗೋಡೆಯವರೆಗೆ ಒಂದಡಿ ಅಗಲದ ಪಟ್ಟಿ ಕೊಯ್ದು ಕಪ್ಪು ಆಕ್ಸೈಡ್ ಹಾಕಿಸಿದೆವು. ಮೊದಲಿನಿಂದಲೂ ಬಾರ್ಡರ್ ಇದ್ದ ಹಾಗೆ ಕಾಣುತ್ತದೆ. ಹಾಕಿದ ಮೇಲೆ ಒಂದು ವಾರ ಒದ್ದೆ ಗೋಣಿ ಹೊದಿಸಿ ಇಡಬೇಕು, ಯಾರೂ ಕಾಲಿಡಬಾರದು. ಪೂರ್ತಿ ಒಣಗಿದ ಮೇಲೆ ಮೇಣದ ಪಾಲಿಶ್. ತೆಳುವಾಗಿ ಹಚ್ಚಿ ಚೆನ್ನಾಗಿ ಉಜ್ಜಿ ತೆಗೆಯಬೇಕು. ದಪ್ಪ ಬಿಟ್ಟರೆ ಜಾರುತ್ತದೆ, ನಿಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ. ನೆಲ ಒರೆಸಲು ಆಸಿಡ್ ಇರುವ ಯಾವುದನ್ನೂ ಮುಟ್ಟಬೇಡಿ.

ಬೆವರುವುದಕ್ಕೆ ನೆಲದಲ್ಲಿ ಮದ್ದಿಲ್ಲ, ಗಾಳಿಯಲ್ಲಿದೆ. ಪಿವಿಸಿ ಸೀಲಿಂಗ್‌ನಲ್ಲಿ ನಾಲ್ಕಾರು ಕಡೆ ಜಾಲಿ ಕೂರಿಸಿ ಹೆಂಚಿನ ಕಡೆಗೆ ದಾರಿ ಮಾಡಿಸಿ. ಅಡುಗೆಮನೆಗೆ ಒಂದು ಎಕ್ಸಾಸ್ಟ್ ಫ್ಯಾನ್. ಒದ್ದೆ ಬಟ್ಟೆ ಹಾಲ್‌ನಲ್ಲಿ ಒಣಗಿಸುವುದು ನಿಲ್ಲಿಸಿ. ನಮ್ಮಲ್ಲಿ ಹಿಂದೆ ಶೆಡ್‌ನಲ್ಲಿ ಹಂಡೆ ಒಲೆ ಇದೆ, ಮಳೆಗಾಲದಲ್ಲಿ ಬಟ್ಟೆ ಎಲ್ಲ ಅದರ ಮೇಲೆ. ಅಷ್ಟಕ್ಕೇ ಎಷ್ಟೋ ವ್ಯತ್ಯಾಸ ಆಯಿತು. ಪೂರ್ತಿ ನಿಲ್ಲುತ್ತದೆ ಅಂತ ಹೇಳಲಾರೆ, ಜುಲೈನಲ್ಲಿ ಕೆಲವು ದಿನ ಇದ್ದೇ ಇರುತ್ತದೆ. ಅತ್ತೆಯವರು ನಡೆಯುವ ದಾರಿಯಲ್ಲಿ, ಮಂಚದಿಂದ ಬಚ್ಚಲಿನವರೆಗೆ, ಗೋಡೆಗೆ ಕೈ ಹಿಡಿಯುವ ಸ್ಟೀಲ್ ಕಂಬಿ ಹಾಕಿಸಿ. ಹಸಿ ಇಟ್ಟಿಗೆಗೆ ಸ್ಕ್ರೂ ನಿಲ್ಲುವುದಿಲ್ಲ, ಮೊದಲು ಮರದ ಹಲಗೆ ಕೂರಿಸಿ ಅದಕ್ಕೆ ಕಂಬಿ.

---

ಮಾದಾಪುರ ಮನೆ:

ಇವತ್ತು ರಾತ್ರಿ ಊಟ ಆದ ಮೇಲೆ ಯಜಮಾನರು, ಮೈದುನ, ಅತ್ತೆ ಎಲ್ಲರೂ ಕೂತು ಇದನ್ನು ಓದಿದೆವು. ಹಾಲ್ ಒಡೆಯುವುದಿಲ್ಲ ಅಂತ ತೀರ್ಮಾನ ಆಯಿತು. ಕಂಬಿಯ ಮಾತು ಅತ್ತೆಗೆ ತುಂಬ ಹಿಡಿಸಿತು, ಅದು ನಾಳೆಯೇ ಮಾಡಿಸಿ ಅಂದರು. ಅದಕ್ಕೆ ಮಳೆ ನಿಲ್ಲಬೇಕಾಗಿಲ್ಲವಲ್ಲ.

ಉಳಿದದ್ದು ಹೀಗೆ ಅಂದುಕೊಂಡಿದ್ದೇವೆ. ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ ಕಳೆದ ಮೇಲೆ ಕಣದ ಕಟ್ಟೆ, ಚರಂಡಿ, ಗಟರ್. ಹುತ್ತರಿ (ನಮ್ಮ ಸುಗ್ಗಿ ಹಬ್ಬ) ಆದ ಮೇಲೆ ಹಿಂದಿನ ಕೋಣೆ ಅಗೆಸುವುದು. ಮಾರ್ಚ್‌ನಲ್ಲಿ ಟೈಲ್ಸ್, ಏಪ್ರಿಲ್‌ನಲ್ಲಿ ಹಾಲ್‌ನ ಪಟ್ಟಿ. ಸರಿ ಬರುತ್ತದಾ ಅಣ್ಣ? ಟೈಲ್ಸ್ ಎಷ್ಟು ತರಬೇಕು ಅನ್ನುವುದೂ ಹೇಳಿ. ಅಡುಗೆಮನೆ 140 ಚದರಡಿ, ಹಿಂದಿನ ಕೋಣೆ 110.

---

ಗಾರೆ ಮೇಸ್ತ್ರಿ ಮಗ, ವಿರಾಜಪೇಟೆ:

ಸ್ವಲ್ಪ ಬದಲಾಯಿಸಿ ಅಕ್ಕ. ಹುತ್ತರಿ ಆದ ಮೇಲೆ ಕಾಫಿ ಕೊಯ್ಲು. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಶುರು. ಅಗೆಯುವ ಕೆಲಸಕ್ಕೆ ಆಗ ಆಳು ಸಿಗುವುದಿಲ್ಲ, ಸಿಕ್ಕಿದರೂ ನಿಮ್ಮ ತೋಟಕ್ಕೇ ಬೇಕಾಗುತ್ತದೆ. ಹಿಂದಿನ ಕೋಣೆಯನ್ನು ಚರಂಡಿಯ ಬೆನ್ನಿಗೇ, ನವೆಂಬರ್‌ನಲ್ಲಿ ಅಗೆಸಿ ಕಾಂಕ್ರೀಟ್ ಹಾಕಿಸಿಬಿಡಿ. ಕೊಯ್ಲಿನ ತಿಂಗಳೆಲ್ಲ ಅದು ತನ್ನಷ್ಟಕ್ಕೆ ಒಣಗುತ್ತಿರಲಿ. ಪತ್ತಾಯವನ್ನು ಅಷ್ಟರಲ್ಲಿ ಖಾಲಿ ಮಾಡಿ ಜಗಲಿಗೆ ತಂದಿಡಿ, ಅದರ ಕಾಲಿಗೂ ಔಷಧಿ ಹಚ್ಚಲು ಸುಲಭ.

ಟೈಲ್ಸ್ ಕೆಲಸ ಫೆಬ್ರವರಿಗೆ ತನ್ನಿ. ಟೈಲ್ಸ್ ಹಾಕುವವರಲ್ಲಿ ಉತ್ತರದ ಕಡೆಯವರು ಜಾಸ್ತಿ. ಹೋಳಿಗೆ ಊರಿಗೆ ಹೋದರೆ ಯಾವಾಗ ವಾಪಸ್ ಬರುತ್ತಾರೆ ಹೇಳಲಾಗದು. ಏಪ್ರಿಲ್‌ನಲ್ಲಿ ಹಾಲ್ ಪಟ್ಟಿ ಸರಿಯಾಗಿದೆ. ಗಾಜು ಒಡೆದರೆ ಮಾತ್ರ ಆ ಕೆಲಸ ನಿಲ್ಲಿಸಿ, ಇಂಜಿನಿಯರ್ ಕರೆಸಿ.

ಲೆಕ್ಕ ಹೇಳುತ್ತೇನೆ. ಎರಡಡಿ ಎರಡಡಿಯ ಟೈಲ್ಸ್ ಒಂದು ಬಾಕ್ಸಿಗೆ ನಾಲ್ಕು ಬರುತ್ತದೆ. ಅಂಗಡಿಯಲ್ಲಿ 16 ಚದರಡಿ ಅನ್ನುತ್ತಾರೆ, ನಿಜವಾದ ಅಳತೆ 600 ಎಂಎಂ, ಹಾಗಾಗಿ 15.5 ಚದರಡಿ. ನಿಮ್ಮದು 250. ಕೊಯ್ದು ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿ 275. ಅಂದರೆ 18 ಬಾಕ್ಸ್. ಎರಡೂ ಕೋಣೆಗೆ ಒಂದೇ ಟೈಲ್ಸ್ ತೆಗೆದುಕೊಳ್ಳಿ, ಉಳಿದ ಚೂರು ಆಚೀಚೆ ಉಪಯೋಗಕ್ಕೆ ಬರುತ್ತದೆ. ಮೇಲೆ ಎರಡು ಬಾಕ್ಸ್ ಜಾಸ್ತಿ ತಂದು ಅಟ್ಟದಲ್ಲಿ ಇಡಿ, ಐದು ವರ್ಷ ಬಿಟ್ಟು ಹೋದರೆ ಅದೇ ಡಿಸೈನ್ ಸಿಗುವುದಿಲ್ಲ. ಇಳಿಸುವಾಗಲೇ ಎಲ್ಲ ಬಾಕ್ಸಿನ ಮೇಲೆ ಬ್ಯಾಚ್ ನಂಬರ್, ಶೇಡ್ ನಂಬರ್ ಒಂದೇ ಇದೆಯಾ ನೋಡಿ. ಒಂದು ಬಾಕ್ಸ್ ಬೇರೆ ಇದ್ದರೂ ಗಾಡಿಯಿಂದ ಇಳಿಸಲು ಬಿಡಬೇಡಿ. ಗಮ್ ತರುವಾಗ ವಿಟ್ರಿಫೈಡ್‌ಗೆ ಅಂತಲೇ ಕೇಳಿ, ಚೀಲದ ಮೇಲೆ ಐಎಸ್ 15477 ಅಂತ ಇರುತ್ತದೆ, ತಯಾರಾದ ತಿಂಗಳೂ ನೋಡಿ. ಹಾಕಿದ ಮರುದಿನ ನೀವೇ ನಾಣ್ಯ ಹಿಡಿದು ಒಂದೊಂದು ಟೈಲ್ಸ್ ತಟ್ಟಿ. ಟೊಳ್ಳು ಸದ್ದು ಬಂದದ್ದನ್ನು ಅವರ ಎದುರೇ ತೆಗೆಸಿ ಮತ್ತೆ ಹಾಕಿಸಿ, ಆಮೇಲೆ ಕೊನೆಯ ಕಂತು ಕೊಡಿ.